ಸರ್ಕಾರಕ್ಕೆ ಮಾನ್ಯತೆ ಇಲ್ಲದಿದ್ದರೆ ಅದರ ಮೊಹರಿಗೆ ಬೆಲೆ ಉಂಟೇ?

ಪ್ರಶ್ನೆ: ನಾನು ದಾವಣಗೆರೆಯವನು. ಸಹಕಾರಿ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತನಾಗಿದ್ದೇನೆ. ವಿದ್ಯಾನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಎರಡು ವರ್ಷದಿಂದ ಅಫ್ಘಾನಿಸ್ತಾನದ ಹುಡುಗನೊಬ್ಬ ಬಾಡಿಗೆಗಿದ್ದಾನೆ; ಇಲ್ಲಿಯ ಕಾಲೇಜೊಂದರಲ್ಲಿ ಓದುತ್ತಾನೆ, ನಮ್ಮ ಮನೆಯವರನ್ನು ಅಮ್ಮ ಎಂದೇ ಕರೆಯುತ್ತಾನೆ. ಅವನ ಪಾಸ್‌ಪೋರ್ಟ್ ಇನ್ನು ಏಳು ತಿಂಗಳಿಗೆ ಮುಗಿಯುತ್ತದೆ. ಶಾಲಾ ಪ್ರಮಾಣಪತ್ರವನ್ನು ಊರಿನಿಂದ ಮತ್ತೊಮ್ಮೆ ದೃಢೀಕರಿಸಿ ತರುವಂತೆ ಕಾಲೇಜಿನವರು ಹೇಳಿದ್ದರಿಂದ ಅವನ ತಂದೆ ಕಾಬೂಲಿನಲ್ಲಿ ಮಾಡಿಸಿ ಕಳಿಸಿದರು. ಹಳೆಯ ಪತ್ರದಲ್ಲಿ ‘ಇಸ್ಲಾಮಿಕ್ ಗಣರಾಜ್ಯ’ದ ಮೊಹರಿದೆ, ಇಸವಿ 1398. ಹೊಸದರಲ್ಲಿ ‘ಇಸ್ಲಾಮಿಕ್ ಎಮಿರೇಟ್’ ಎಂದಿದೆ, ಇಸವಿ 1446. ಕಾಲೇಜಿನ ಗುಮಾಸ್ತರು, ‘ಈ ಸರ್ಕಾರಕ್ಕೆ ಭಾರತದ ಮಾನ್ಯತೆಯೇ ಇಲ್ಲ, ಇಸವಿಯೂ ತಾಳೆಯಾಗುವುದಿಲ್ಲ’ ಎಂದು ವಾಪಸು ಕೊಟ್ಟಿದ್ದಾರೆ. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, ‘ಮಾನ್ಯತೆ ಇಲ್ಲದ ದೇಶದವನನ್ನು ಇಟ್ಟುಕೊಂಡಿದ್ದೀರಿ, ನಾಳೆ ಪೊಲೀಸರು ನಿಮ್ಮನ್ನೇ ಕೇಳುತ್ತಾರೆ’ ಎನ್ನುತ್ತಾರೆ. ದೆಹಲಿಯಲ್ಲಿ ಅವರ ರಾಯಭಾರ ಕಚೇರಿ ಮುಚ್ಚಿತು ಎಂದು ಒಮ್ಮೆ ಓದಿದೆ, ಕಾಬೂಲಿನಲ್ಲಿ ನಮ್ಮ ರಾಯಭಾರ ಕಚೇರಿ ತೆರೆಯಿತು ಎಂದು ಇನ್ನೊಮ್ಮೆ ಓದಿದೆ. ಹಾಗಾದರೆ ಮಾನ್ಯತೆ ಇದೆಯೋ ಇಲ್ಲವೋ? ವಿಶ್ವಸಂಸ್ಥೆಯಲ್ಲಿ ಅವರ ಪರವಾಗಿ ಕೂತಿರುವವರು ಯಾರು? ಈ ಹುಡುಗನ ಗತಿಯೇನು, ನನ್ನ ಗತಿಯೇನು?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ: ಸರ್ಕಾರವೊಂದಕ್ಕೆ ಮಾನ್ಯತೆ ಸಿಗದಿದ್ದರೆ ಆ ನಾಡಿನ ಮನುಷ್ಯನೂ ಅವನ ಕೈಯಲ್ಲಿರುವ ಕಾಗದವೂ ಮಾನ್ಯತೆ ಕಳೆದುಕೊಳ್ಳುತ್ತವೆಯೇ ಎಂಬುದು. ಮೊದಲೇ ಹೇಳಿಬಿಡುತ್ತೇನೆ: ಇಲ್ಲ. ಹುಡುಗ ಅಫ್ಘಾನ್ ಪ್ರಜೆಯೇ ಆಗಿದ್ದಾನೆ. ಅವನ ವೀಸಾ ಚಾಲ್ತಿಯಲ್ಲಿರುವವರೆಗೆ, ಮತ್ತು ನೀವು ಕೊಡಬೇಕಾದ ಮಾಹಿತಿಯನ್ನು ಕೊಟ್ಟಿರುವವರೆಗೆ, ಅವನಿಗೆ ಮನೆ ಬಾಡಿಗೆಗೆ ಕೊಟ್ಟದ್ದು ಅಪರಾಧವಲ್ಲ. ಹೊಸ ಮೊಹರಿನ ಪತ್ರ ಕಸದ ಬುಟ್ಟಿಗೆ ಹಾಕುವಂಥದ್ದೂ ಅಲ್ಲ. ಆದರೆ ಪಾಸ್‌ಪೋರ್ಟಿನ ವಿಷಯವನ್ನು ಮಾತ್ರ ನೀವಿಬ್ಬರೂ ಇವತ್ತೇ ಕೈಗೆತ್ತಿಕೊಳ್ಳಬೇಕು. ಏಕೆಂದು ಮುಂದೆ ಹೇಳುತ್ತೇನೆ. ನಾನು ವಿದೇಶಗಳಲ್ಲಿನ ನಮ್ಮ ಕಚೇರಿಗಳ ಕಾನ್ಸುಲರ್ ವಿಭಾಗದಲ್ಲಿ, ಅಂದರೆ ಪಾಸ್‌ಪೋರ್ಟು, ವೀಸಾ, ದೃಢೀಕರಣದ ಕೌಂಟರುಗಳಲ್ಲಿ, ನೌಕರಿಯ ಬಹುಭಾಗ ಕಳೆದವನು. ಆ ಅನುಭವದಿಂದ ಮಾತಾಡುತ್ತಿದ್ದೇನೆ.

ನೀವು ಸಹಕಾರಿ ಬ್ಯಾಂಕಿನವರಾದದ್ದು ನನಗೆ ಅನುಕೂಲವೇ ಆಯಿತು. ಸಂಘವೊಂದರ ಆಡಳಿತ ಮಂಡಳಿ ಬದಲಾದರೆ ಸಂಘ ಬದಲಾಗುವುದಿಲ್ಲ. ಅದರ ಹೆಸರಿನ ಸಾಲ, ಠೇವಣಿ, ಜಾಗ, ಸದಸ್ಯರ ಪಟ್ಟಿ ಎಲ್ಲವೂ ಇದ್ದಂತೆಯೇ ಇರುತ್ತವೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಷ್ಟ್ರವೆಂದರೆ ಸಂಘ, ಸರ್ಕಾರವೆಂದರೆ ಮಂಡಳಿ. ರಾಷ್ಟ್ರ ಎನಿಸಿಕೊಳ್ಳಲು ಬೇಕಾದದ್ದನ್ನು 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕು ಮಾತಿನಲ್ಲಿ ಹೇಳಿದೆ: ಖಾಯಂ ಜನಸಂಖ್ಯೆ, ಗೊತ್ತಾದ ಭೂಪ್ರದೇಶ, ಒಂದು ಸರ್ಕಾರ, ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಅಫ್ಘಾನಿಸ್ತಾನ 1946ರ ನವೆಂಬರ್ 19ರಂದು ವಿಶ್ವಸಂಸ್ಥೆಯ ಸದಸ್ಯನಾಯಿತು. ಅಲ್ಲಿಂದೀಚೆಗೆ ಕಾಬೂಲಿನಲ್ಲಿ ರಾಜ ಹೋದ, ಗಣರಾಜ್ಯ ಬಂತು, ಕಮ್ಯುನಿಸ್ಟರು ಬಂದರು, ಮುಜಾಹಿದೀನ್‌ಗಳು ಬಂದರು, ತಾಲಿಬಾನ್ ಎರಡು ಸಲ ಬಂತು. ಸದಸ್ಯತ್ವ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆದ್ದರಿಂದ ‘ಮಾನ್ಯತೆ ಇಲ್ಲದ ದೇಶದವನು’ ಎಂಬ ನಿಮ್ಮ ನೆರೆಯವರ ಮಾತು ಮೂಲದಲ್ಲೇ ತಪ್ಪು. ದೇಶದ ಬಗ್ಗೆ ಯಾರಿಗೂ ತಕರಾರಿಲ್ಲ, ತಕರಾರಿರುವುದು ಮಂಡಳಿಯ ಬಗ್ಗೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಸಂಘದಲ್ಲಿ ಜಗಳವಾಗಿ ಇಬ್ಬರು ಕಾರ್ಯದರ್ಶಿಗಳು ಎರಡು ಠರಾವು ಪುಸ್ತಕ, ಎರಡು ರಬ್ಬರ್ ಸ್ಟ್ಯಾಂಪ್ ಹಿಡಿದು ನಿಮ್ಮ ಮೇಜಿನ ಮುಂದೆ ನಿಂತ ದಿನವೊಂದು ನಿಮ್ಮ ನೌಕರಿಯಲ್ಲೂ ಬಂದಿದ್ದೀತು. ಆಗ ನೀವು ಯಾರು ಒಳ್ಳೆಯವರು ಎಂದು ಕೇಳಿರಲಾರಿರಿ. ಯಾರ ಸಹಿಗೆ ಚೆಕ್ ಪಾಸು ಮಾಡಬೇಕು ಎಂದಷ್ಟೇ ಕೇಳಿರುತ್ತೀರಿ. ಸರ್ಕಾರಕ್ಕೆ ಮಾನ್ಯತೆ ಎಂಬುದು ಹೆಚ್ಚೂಕಡಿಮೆ ಆ ಮಾದರಿ ಸಹಿಯ ಕಾರ್ಡು. ಈ ರಾಷ್ಟ್ರದ ಪರವಾಗಿ ಇವರ ಸಹಿ ನಡೆಯುತ್ತದೆ ಎಂದು ಇನ್ನೊಂದು ರಾಷ್ಟ್ರ ಒಪ್ಪಿಕೊಳ್ಳುವುದು. ಆದರೆ ನಿಮ್ಮ ಬ್ಯಾಂಕಿಗೂ ಜಗತ್ತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಮಗಾದರೆ ಸಹಕಾರ ಸಂಘಗಳ ನಿಬಂಧಕರಿದ್ದರು, ಅವರ ಆದೇಶ ಬಂದರೆ ವಿಷಯ ಮುಗಿಯಿತು. ರಾಷ್ಟ್ರಗಳ ಮೇಲೆ ಅಂಥ ನಿಬಂಧಕರಿಲ್ಲ. ಪ್ರತಿ ರಾಜಧಾನಿಯೂ ತನ್ನದೇ ಕಾರ್ಡು ಇಟ್ಟುಕೊಂಡಿರುತ್ತದೆ. ಅಷ್ಟೇ ಅಲ್ಲ, ಒಂದೇ ದೇಶದೊಳಗೆ ವಿದೇಶಾಂಗ ಸಚಿವಾಲಯ, ನ್ಯಾಯಾಲಯ, ವಲಸೆ ಅಧಿಕಾರಿ, ಕಾಲೇಜಿನ ಗುಮಾಸ್ತ, ಪ್ರತಿಯೊಬ್ಬರೂ ಬೇರೆ ಬೇರೆ ಕೆಲಸಕ್ಕಾಗಿ ಆ ಸಹಿಯನ್ನು ನೋಡುತ್ತಾರೆ. ಒಂದು ಕೌಂಟರಿನಲ್ಲಿ ನಡೆಯದ ಸಹಿ ಇನ್ನೊಂದರಲ್ಲಿ ನಡೆಯುತ್ತದೆ. ನಿಮ್ಮ ಗೊಂದಲದ ಬೇರು ಇದೇ; ಮಾನ್ಯತೆಯನ್ನು ನೀವೆಲ್ಲ ಒಂದೇ ಸ್ವಿಚ್ಚು ಎಂದುಕೊಂಡಿದ್ದೀರಿ.

ಮಾನ್ಯತೆಯೆಂದರೆ ನಡತೆಯ ಪ್ರಮಾಣಪತ್ರ ಎಂಬ ನಂಬಿಕೆಯೂ ನಮ್ಮಲ್ಲಿ ಬಹಳ ಇದೆ. ಹಾಗೆ ಮಾಡಬೇಕೆಂದು ವಾದಿಸಿದವರು ಇದ್ದರು. 1907ರಲ್ಲಿ ಈಕ್ವೆಡಾರಿನ ಕಾರ್ಲೋಸ್ ಟೊಬಾರ್, ಸಂವಿಧಾನ ಮೀರಿ ಅಧಿಕಾರ ಹಿಡಿದವರಿಗೆ ಮಾನ್ಯತೆಯನ್ನೇ ಕೊಡಬಾರದು ಎಂದರು. 1930ರಲ್ಲಿ ಮೆಕ್ಸಿಕೋದ ವಿದೇಶಾಂಗ ಸಚಿವ ಗೆನಾರೊ ಎಸ್ಟ್ರಾಡಾ ಅದಕ್ಕೆ ತದ್ವಿರುದ್ಧವಾಗಿ, ಇನ್ನೊಂದು ದೇಶದ ಸರ್ಕಾರದ ಮೇಲೆ ತೀರ್ಪು ಕೊಡುವುದೇ ಅವಮಾನಕರ, ನಾವು ಮಾನ್ಯತೆಯ ಘೋಷಣೆಗಳನ್ನೇ ಮಾಡುವುದಿಲ್ಲ, ನಮ್ಮ ರಾಯಭಾರಿಗಳನ್ನು ಉಳಿಸಿಕೊಳ್ಳುತ್ತೇವೆ ಅಥವಾ ಹಿಂದಕ್ಕೆ ಕರೆಸುತ್ತೇವೆ, ಅಷ್ಟೇ ಎಂದರು. ಬ್ರಿಟನ್ 1980ರಲ್ಲಿ ಅದೇ ದಾರಿಗೆ ಬಂದು, ಇನ್ನು ಮುಂದೆ ರಾಷ್ಟ್ರಗಳಿಗೆ ಮಾತ್ರ ಮಾನ್ಯತೆ, ಸರ್ಕಾರಗಳಿಗೆ ಅಲ್ಲ ಎಂದು ಪ್ರಕಟಿಸಿತು. ಮಾನ್ಯತೆ ಕೊಟ್ಟರೆ ಮೆಚ್ಚುಗೆ ಎಂದು ಜನ ತಿಳಿಯುತ್ತಾರೆ ಎಂಬ ಮುಜುಗರವೂ ಅದಕ್ಕೆ ಒಂದು ಕಾರಣ. ನಮ್ಮ ದೇಶದ ಮೊದಲ ದೊಡ್ಡ ಉದಾಹರಣೆ ಚೀನಾ. ಮಾವೊ 1949ರ ಅಕ್ಟೋಬರ್ 1ರಂದು ಹೊಸ ಗಣರಾಜ್ಯ ಘೋಷಿಸಿದರು. ಭಾರತ ಅದೇ ಡಿಸೆಂಬರ್ 30ರಂದು ಮಾನ್ಯತೆ ನೀಡಿತು, 1950ರ ಏಪ್ರಿಲ್ 1ರಂದು ರಾಜತಾಂತ್ರಿಕ ಸಂಬಂಧ ಶುರುವಾಯಿತು. ಕಮ್ಯುನಿಸಂ ಮೆಚ್ಚಿ ಕೊಟ್ಟದ್ದಲ್ಲ; ಮುಖ್ಯ ಭೂಭಾಗ ಯಾರ ಕೈಯಲ್ಲಿದೆ ಎಂಬುದರಲ್ಲಿ ಅನುಮಾನ ಉಳಿದಿರಲಿಲ್ಲ. ಅಮೆರಿಕ ಇದೇ ಕಾರ್ಡಿಗೆ ಸಹಿ ಹಾಕಿದ್ದು 1979ರ ಜನವರಿ 1ರಂದು. 1779ರಲ್ಲಿ ಚಿತ್ರದುರ್ಗದ ಕೋಟೆ ಮದಕರಿ ನಾಯಕರ ಕೈತಪ್ಪಿ ಹೈದರಾಲಿಯ ವಶವಾದಾಗ ಸುತ್ತಲಿನ ರೈತನಿಗೆ ಎದುರಾಗಿದ್ದಿರಬಹುದಾದ ಪ್ರಶ್ನೆಯೂ ನ್ಯಾಯ ಯಾರ ಕಡೆಗಿದೆ ಎಂಬುದಕ್ಕಿಂತ, ಈ ವರ್ಷದ ಕಂದಾಯ ಯಾರಿಗೆ ಕಟ್ಟಬೇಕು ಎಂಬುದೇ ಇದ್ದೀತು. ವಾಸ್ತವ ಹಿಡಿತ ಎಂದು ಕಾನೂನಿನವರು ಕರೆಯುವುದು ಇದನ್ನೇ.

ಹಾಗೆಂದು ಹಿಡಿತವೊಂದೇ ಸಾಕು ಎಂದು ನಾನು ಹೇಳಲಾರೆ. ಮಾನ್ಯತೆಯನ್ನು ತಡೆಹಿಡಿಯುವುದು ರಾಷ್ಟ್ರಗಳ ಕೈಯಲ್ಲಿರುವ ಕೆಲವೇ ಒತ್ತಾಯದ ಸಾಧನಗಳಲ್ಲಿ ಒಂದು. ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದ ಆಡಳಿತದ ಮುಂದೆ ಅದನ್ನು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿದೆ. ತೊಂದರೆಯೇನೆಂದರೆ, ಆ ಒತ್ತಾಯದ ಭಾರ ಮೊದಲು ಬೀಳುವುದು ಕಾಬೂಲಿನ ಮಂತ್ರಿಯ ಮೇಲಲ್ಲ, ವಿದ್ಯಾನಗರದ ಮಹಡಿಯಲ್ಲಿ ಕೂತಿರುವ ಹುಡುಗನ ಮೇಲೆ.

ರಾಯಭಾರ ಕಚೇರಿ ತೆರೆಯಿತು ಎಂದರೆ ಮಾನ್ಯತೆ ಬಂತು, ಮುಚ್ಚಿತು ಎಂದರೆ ಹೋಯಿತು ಎಂಬ ನಿಮ್ಮ ಲೆಕ್ಕ ಸಹಜವಾದದ್ದೇ, ಆದರೆ ಸರಿಯಲ್ಲ. ಭಾರತ 1950ರ ಸೆಪ್ಟೆಂಬರಿನಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟಿತು. ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1992ರ ಜನವರಿಯಲ್ಲಿ. ನಡುವಿನ ನಾಲ್ಕು ದಶಕ ಮಾನ್ಯತೆ ಇತ್ತು, ದೆಹಲಿಯಲ್ಲಿ ಅವರ ರಾಯಭಾರಿ ಇರಲಿಲ್ಲ, ಮುಂಬೈಯಲ್ಲಿ ಕಾನ್ಸುಲೇಟ್ ಮಾತ್ರ ಇತ್ತು. ತೈವಾನ್ ವಿಷಯದಲ್ಲಿ ಇದರ ತಿರುವುಮುರುವು: ಮಾನ್ಯತೆ ಇಲ್ಲ, ಆದರೆ ‘ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ’ ಎಂಬ ಫಲಕದ ಕೆಳಗೆ ವೀಸಾ ಕೆಲಸ ನಡೆಯುತ್ತದೆ. ಅಫ್ಘಾನಿಸ್ತಾನದ ಕಥೆ ಹೀಗಿದೆ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿದಾಗ ನಮ್ಮವರು ಕಚೇರಿ ಬಿಟ್ಟು ಬಂದರು. 2022ರ ಜೂನಿನಲ್ಲಿ ‘ತಾಂತ್ರಿಕ ತಂಡ’ ಎಂಬ ಹೆಸರಿನಲ್ಲಿ ವಾಪಸು ಹೋದರು. ಇತ್ತ ದೆಹಲಿಯಲ್ಲಿ, ಹಿಂದಿನ ಗಣರಾಜ್ಯ ನೇಮಿಸಿದ್ದ ರಾಯಭಾರಿಯೇ ಹಳೆಯ ಬಾವುಟದಡಿ ಕಚೇರಿ ನಡೆಸಿ, 2023ರ ಅಕ್ಟೋಬರಿನಲ್ಲಿ ಕೆಲಸ ನಿಲ್ಲಿಸಿ, ನವೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಿದೆವೆಂದು ಪ್ರಕಟಿಸಿದರು. ಮುಂಬೈ ಮತ್ತು ಹೈದರಾಬಾದಿನ ಕಾನ್ಸುಲೇಟುಗಳು ನಡೆಯುತ್ತಲೇ ಇದ್ದವು. 2025ರ ಅಕ್ಟೋಬರಿನಲ್ಲಿ ತಾಲಿಬಾನಿನ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದಾಗ ನಮ್ಮ ಸಚಿವ ಜೈಶಂಕರ್ ಅವರು ಕಾಬೂಲಿನ ತಾಂತ್ರಿಕ ತಂಡವನ್ನು ರಾಯಭಾರ ಕಚೇರಿಯ ದರ್ಜೆಗೆ ಏರಿಸುವುದಾಗಿ ಹೇಳಿದರು, ಅದೇ ತಿಂಗಳು ಅದು ಜಾರಿಯೂ ಆಯಿತು. ಇಷ್ಟೆಲ್ಲದರ ನಡುವೆ ‘ಮಾನ್ಯತೆ ನೀಡಿದ್ದೇವೆ’ ಎಂಬ ವಾಕ್ಯವನ್ನು ಭಾರತ ಉಚ್ಚರಿಸಿಲ್ಲ. ಆ ವಾಕ್ಯವನ್ನು ನೇರವಾಗಿ ಹೇಳಿದ ಮೊದಲ ದೇಶ ರಷ್ಯಾ, 2025ರ ಜುಲೈಯಲ್ಲಿ. ಚೀನಾ 2024ರ ಜನವರಿಯಲ್ಲಿ ಅವರ ರಾಯಭಾರಿಯ ಅಧಿಕಾರಪತ್ರವನ್ನು ಅಧ್ಯಕ್ಷರ ಕೈಯಿಂದಲೇ ಸ್ವೀಕರಿಸಿತು, ಆದರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮಲ್ಲಿ ಮಾತುಕತೆ ಮುಗಿದು ತಾಂಬೂಲ ಬದಲಾಗಿದ್ದರೂ ಲಗ್ನಪತ್ರಿಕೆ ಅಚ್ಚಾಗದ ಮನೆಗಳಿರುತ್ತವಲ್ಲ, ಹಾಗೆ.

ವಿಶ್ವಸಂಸ್ಥೆಯ ವಿಷಯ ಇನ್ನೂ ಸ್ವಾರಸ್ಯಕರ. ವಿಶ್ವಸಂಸ್ಥೆ ಯಾವ ಸರ್ಕಾರಕ್ಕೂ ಮಾನ್ಯತೆ ಕೊಡುವುದಿಲ್ಲ, ಕೊಡುವ ಅಧಿಕಾರವೂ ಅದಕ್ಕಿಲ್ಲ. ಚೀನಾದ ಕುರ್ಚಿಯ ಜಗಳ ಕಾವೇರಿದ್ದ 1950ರ ಮಾರ್ಚಿನಲ್ಲಿ ಪ್ರಧಾನ ಕಾರ್ಯದರ್ಶಿ ಟ್ರಿಗ್ವೆ ಲೀ ಅವರ ಟಿಪ್ಪಣಿಯೊಂದು, ಮಾನ್ಯತೆ ಬೇರೆ, ಪ್ರಾತಿನಿಧ್ಯ ಬೇರೆ ಎಂಬುದನ್ನು ಬಿಡಿಸಿ ಹೇಳಿತ್ತು. ಪ್ರತಿ ವರ್ಷ ಮಹಾಸಭೆ ಸೇರುವ ಮುನ್ನ ಪ್ರತಿ ದೇಶವೂ ತನ್ನ ಪ್ರತಿನಿಧಿಗಳ ಅಧಿಕಾರಪತ್ರವನ್ನು, ರಾಷ್ಟ್ರದ ಮುಖ್ಯಸ್ಥರ ಅಥವಾ ಸರ್ಕಾರದ ಮುಖ್ಯಸ್ಥರ ಅಥವಾ ವಿದೇಶಾಂಗ ಸಚಿವರ ಸಹಿಯೊಡನೆ, ಕಳಿಸಬೇಕು. ಒಂಬತ್ತು ದೇಶಗಳ ಸಮಿತಿಯೊಂದು ಅದನ್ನು ಪರಿಶೀಲಿಸುತ್ತದೆ. ಯಾರದಾದರೂ ಪತ್ರಕ್ಕೆ ಆಕ್ಷೇಪ ಬಂದರೆ, ಸಮಿತಿಯ ವರದಿ ಬಂದು ಸಭೆ ತೀರ್ಮಾನಿಸುವವರೆಗೆ ಆ ಪ್ರತಿನಿಧಿ ತಾತ್ಕಾಲಿಕವಾಗಿ, ಆದರೆ ಎಲ್ಲ ಹಕ್ಕುಗಳೊಡನೆ ಕೂರಬಹುದು ಎಂದು ಸಭೆಯ 29ನೇ ನಿಯಮ ಹೇಳುತ್ತದೆ. ಇಷ್ಟೇ ಕಿಂಡಿ ಸಾಕು, ಕುರ್ಚಿಯಲ್ಲಿ ಇದ್ದವರು ಇದ್ದಲ್ಲೇ ಇರಲು. 2021ರಲ್ಲಿ ಅಫ್ಘಾನಿಸ್ತಾನ ಮತ್ತು ಮ್ಯಾನ್ಮಾರ್ ಎರಡರಿಂದಲೂ ಪೈಪೋಟಿಯ ಹಕ್ಕು ಮಂಡನೆ ಬಂದಾಗ ಸಮಿತಿ ತೀರ್ಮಾನವನ್ನು ಮುಂದೂಡಿತು. ಅನಂತರದ ವರ್ಷಗಳಲ್ಲೂ ಮುಂದೂಡುತ್ತ ಬಂತು. ಹೀಗಾಗಿ ತಾಲಿಬಾನ್ ಕಾಬೂಲಿನಲ್ಲಿದೆ, ನ್ಯೂಯಾರ್ಕಿನ ಕುರ್ಚಿಯಲ್ಲಿ ಬಿದ್ದುಹೋದ ಗಣರಾಜ್ಯದ ಕಾಲದ ಅಧಿಕಾರಿಗಳೇ ಇದ್ದಾರೆ.

ಇದು ಹೊಸತೇನಲ್ಲ. ಚೀನಾದ ಕುರ್ಚಿಯಲ್ಲಿ ತೈವಾನಿಗೆ ಓಡಿಹೋದ ಸರ್ಕಾರದವರು 22 ವರ್ಷ ಕೂತಿದ್ದರು. 1971ರ ಅಕ್ಟೋಬರ್ 25ರಂದು 2758ನೇ ಠರಾವು 76 ಪರ, 35 ವಿರೋಧ, 17 ತಟಸ್ಥ ಮತಗಳಿಂದ ಅದನ್ನು ಬೀಜಿಂಗಿಗೆ ಕೊಟ್ಟಿತು. ಕಾಂಬೋಡಿಯಾದ್ದು ನನ್ನ ಪಾಲಿಗೆ ಇದಕ್ಕಿಂತ ಮನಸ್ಸು ಕಲಕುವ ಕಥೆ. ಲಕ್ಷಾಂತರ ಜನರನ್ನು ಕೊಂದ ಪೋಲ್ ಪಾಟ್ ಆಡಳಿತವನ್ನು ವಿಯೆಟ್ನಾಮಿನ ಸೇನೆ 1979ರ ಜನವರಿಯಲ್ಲಿ ಓಡಿಸಿದ ಮೇಲೂ, ಹೊರಗಿನ ಸೇನೆ ಕೂರಿಸಿದ ಸರ್ಕಾರವನ್ನು ಒಪ್ಪಲಾಗದು ಎಂಬ ಕಾರಣಕ್ಕೆ, ವಿಶ್ವಸಂಸ್ಥೆಯ ಕುರ್ಚಿ ಆ ಕೊಲೆಗಡುಕರ ಬಳಿಯೇ ಉಳಿಯಿತು. ಭಾರತ 1980ರಲ್ಲಿ ಅಲ್ಲಿನ ರಾಜಧಾನಿ ನಾಮ್‌ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟು ಬಹುಪಾಲು ಜಗತ್ತಿನಿಂದ ಟೀಕೆ ಕೇಳಿತು. ಆ ಕಾಲದ ನಿಲುವು ಸರಿಯಾಗಿತ್ತೆಂದೇ ನಾನು ಇಂದೂ ನಂಬುತ್ತೇನೆ.

ಇನ್ನು ರಾಯಭಾರ ಕಚೇರಿಯ ಬಾಗಿಲ ಬಳಿ ಏನಾಗುತ್ತದೆಂಬುದನ್ನು ಎರಡು ದೃಶ್ಯಗಳಲ್ಲಿ ನೋಡಿ. 1971ರ ಏಪ್ರಿಲ್ 18ರಂದು ಕಲ್ಕತ್ತಾದ ಸರ್ಕಸ್ ಅವೆನ್ಯೂದಲ್ಲಿದ್ದ ಪಾಕಿಸ್ತಾನದ ಉಪ ಹೈಕಮಿಷನ್ನಿನಲ್ಲಿ, ಉಪ ಹೈಕಮಿಷನರ್ ಹುಸೇನ್ ಅಲಿ ತಮ್ಮ ಬಂಗಾಳಿ ಸಿಬ್ಬಂದಿಯೊಡನೆ ನಿಷ್ಠೆ ಬದಲಿಸಿ ಬಾಂಗ್ಲಾದೇಶದ ಬಾವುಟ ಏರಿಸಿದರು. ಕಟ್ಟಡ ಅದೇ, ಮೇಜು ಅದೇ, ನೌಕರರೂ ಅವರೇ; ಪ್ರತಿನಿಧಿಸುವ ದೇಶ ಮಾತ್ರ ಒಂದು ಬೆಳಗಿನಲ್ಲಿ ಬದಲಾಯಿತು. ಆ ದೇಶಕ್ಕೆ ಭಾರತದ ಮಾನ್ಯತೆ ಸಿಕ್ಕಿದ್ದು ಡಿಸೆಂಬರ್ 6ರಂದು, ಏಳೂವರೆ ತಿಂಗಳ ನಂತರ. ಇನ್ನೊಂದು ದೃಶ್ಯ 2021ರ ಏಪ್ರಿಲಿನ ಲಂಡನ್. ಸೇನಾ ದಂಗೆಯನ್ನು ಟೀಕಿಸಿದ್ದ ಮ್ಯಾನ್ಮಾರಿನ ರಾಯಭಾರಿ ಹೊರಗೆ ಹೋಗಿದ್ದಾಗ ಅವರದೇ ಕಚೇರಿಯ ಕೆಳಗಿನವರು ಒಳಗಿನಿಂದ ಬಾಗಿಲು ಹಾಕಿಕೊಂಡರು. ಅವರು ರಾತ್ರಿಯನ್ನು ಕಾರಿನಲ್ಲಿ ಕಳೆದರು. ಬ್ರಿಟನ್ ದಂಗೆಯನ್ನು ಖಂಡಿಸಿತು, ಆದರೆ ಅವರ ಹುದ್ದೆ ಮುಗಿದಿದೆ ಎಂಬ ಸೂಚನೆ ಬಂದ ಮೇಲೆ ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ, ಅದೇ ಸೇನೆಯನ್ನು ಇನ್ನೂ ಗಟ್ಟಿಯಾಗಿ ವಿರೋಧಿಸಿದ್ದ ಮ್ಯಾನ್ಮಾರಿನ ಪ್ರತಿನಿಧಿ, ನಾನು ಮೇಲೆ ಹೇಳಿದ ಕಿಂಡಿಯ ದೆಸೆಯಿಂದ, ತಮ್ಮ ಕುರ್ಚಿಯಲ್ಲೇ ಉಳಿದರು. ದೇಶವೊಂದೇ, ದಂಗೆಯೊಂದೇ, ಕೌಂಟರು ಬೇರೆ.

ಹಣದ ಕೌಂಟರು ಎಲ್ಲಕ್ಕಿಂತ ಬಿಗಿ, ಅದು ನಿಮಗೆ ಹೇಳಬೇಕಾದದ್ದಲ್ಲ. ಕಾಬೂಲ್ ಬಿದ್ದಾಗ ಅಫ್ಘಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ನ್ಯೂಯಾರ್ಕಿನಲ್ಲಿ ಸಿಕ್ಕಿಬಿತ್ತು. ಅರ್ಧವನ್ನು 2022ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ನಿಧಿಯೊಂದಕ್ಕೆ ವರ್ಗಾಯಿಸಲಾಯಿತು, ತಾಲಿಬಾನಿನ ಕೈಗೆ ಕೊಡಲಿಲ್ಲ. ವೆನೆಜುವೆಲಾದ್ದು ಇದಕ್ಕೂ ವಿಚಿತ್ರ. ಸರ್ಕಾರಗಳಿಗೆ ಮಾನ್ಯತೆಯಿಲ್ಲ ಎಂದಿದ್ದ ಬ್ರಿಟನ್ನೇ 2019ರಲ್ಲಿ ಹುವಾನ್ ಗ್ವಾಯ್ಡೊ ಅವರನ್ನು ಮಧ್ಯಂತರ ಅಧ್ಯಕ್ಷರೆಂದು ಒಪ್ಪಿಕೊಂಡಿದ್ದರಿಂದ, ಲಂಡನ್ನಿನ ತಿಜೋರಿಯಲ್ಲಿದ್ದ ವೆನೆಜುವೆಲಾದ ಚಿನ್ನಕ್ಕೆ, ಅಲ್ಲಿ ಅಧಿಕಾರದಲ್ಲಿದ್ದ ಮಡುರೊ ನೇಮಿಸಿದ ಕೇಂದ್ರ ಬ್ಯಾಂಕಿನ ಮಂಡಳಿ ಮತ್ತು ಗ್ವಾಯ್ಡೊ ನೇಮಿಸಿದ ಮಂಡಳಿ ಎರಡೂ ಬಂದು ನಿಂತವು. ಅಧ್ಯಕ್ಷರು ಯಾರೆಂದು ಸರ್ಕಾರ ಹೇಳಿದ ಮೇಲೆ ನ್ಯಾಯಾಲಯ ಬೇರೆ ಮಾತಾಡಲಾಗದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿತು. 2022ರ ಡಿಸೆಂಬರಿನಲ್ಲಿ, ಗ್ವಾಯ್ಡೊ ಅವರನ್ನು ಬೆಂಬಲಿಸಿದ್ದ ವಿರೋಧ ಪಕ್ಷಗಳೇ ಅವರ ಮಧ್ಯಂತರ ಸರ್ಕಾರವನ್ನು ವಿಸರ್ಜಿಸಿದವು. ಹಿಡಿತವಿಲ್ಲದವರಿಗೆ ಅವಸರದಲ್ಲಿ ಮಾನ್ಯತೆ ಕೊಟ್ಟರೆ ಹೀಗೂ ಆಗುತ್ತದೆ.

ಈಗ ನಿಮ್ಮ ಮೇಜಿನ ಮೇಲಿರುವ ಎರಡು ಪತ್ರಗಳಿಗೆ ಬರುತ್ತೇನೆ. ಭಾರತದ ನ್ಯಾಯಾಲಯಗಳೂ ರಾಷ್ಟ್ರದ ಮಾನ್ಯತೆಯ ವಿಷಯದಲ್ಲಿ ಕೇಂದ್ರ ಸರ್ಕಾರದ ಮಾತನ್ನೇ ಕೇಳುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 87ಎ ಕಲಮಿನ ಪ್ರಕಾರ ‘ವಿದೇಶಿ ರಾಷ್ಟ್ರ’ ಎಂದರೆ ಕೇಂದ್ರ ಸರ್ಕಾರ ಮಾನ್ಯ ಮಾಡಿದ್ದು. ವಿದೇಶ ವ್ಯವಹಾರವೂ ರಾಜತಾಂತ್ರಿಕ ಪ್ರಾತಿನಿಧ್ಯವೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಆದ್ದರಿಂದ ಬೆಂಗಳೂರೂ ದಾವಣಗೆರೆಯೂ, ಕಾಲೇಜಿನ ಕಚೇರಿಯೂ, ಯಾವ ಸರ್ಕಾರಕ್ಕೂ ಮಾನ್ಯತೆ ಕೊಡಲಾರವು, ಕಿತ್ತುಕೊಳ್ಳಲಾರವು. ಗುಮಾಸ್ತರ ಮುಂದಿದ್ದ ಪ್ರಶ್ನೆ ಮಾನ್ಯತೆಯದ್ದೇ ಅಲ್ಲ, ಈ ಹುಡುಗ ಆ ಶಾಲೆಯಲ್ಲಿ ಪಾಸಾಗಿದ್ದಾನೆಯೇ ಎಂಬುದು.

ಮಾನ್ಯತೆ ಇಲ್ಲದವರ ಆಡಳಿತದ ಕಾಗದಗಳ ಬಗ್ಗೆ ಎರಡು ಹಳೆಯ ನಿರ್ಣಯಗಳು ದಾರಿ ತೋರಿಸುತ್ತವೆ. ಕೋಸ್ಟರಿಕಾದಲ್ಲಿ 1917ರಿಂದ 1919ರವರೆಗೆ ಟಿನೊಕೊ ಎಂಬಾತ ದಂಗೆಯಿಂದ ಆಳಿದ, ಬ್ರಿಟನ್ ಅವನಿಗೆ ಮಾನ್ಯತೆ ಕೊಟ್ಟಿರಲಿಲ್ಲ. ಅವನು ಹೋದ ಮೇಲೆ ಅವನ ಕಾಲದ ವ್ಯವಹಾರಗಳ ತಕರಾರನ್ನು 1923ರಲ್ಲಿ ಪಂಚರಾಗಿ ಕೇಳಿದವರು ಅಮೆರಿಕದ ಮುಖ್ಯ ನ್ಯಾಯಮೂರ್ತಿ ಟಾಫ್ಟ್. ನಾಡನ್ನು ನಿಜವಾಗಿ ಆಳುತ್ತಿದ್ದವನು ಅವನೇ ಆಗಿದ್ದರೆ, ಮಾನ್ಯತೆ ಸಿಕ್ಕಿರಲಿಲ್ಲ ಎಂಬ ಕಾರಣಕ್ಕೆ ಅದು ಸರ್ಕಾರವೇ ಅಲ್ಲ ಎನ್ನಲಾಗದು ಎಂದರು. ಇನ್ನೊಂದು, ನಮೀಬಿಯಾ ಕುರಿತು 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಅಭಿಪ್ರಾಯ. ಅಲ್ಲಿ ದಕ್ಷಿಣ ಆಫ್ರಿಕಾದ ಆಡಳಿತವೇ ಕಾನೂನುಬಾಹಿರ ಎಂದು ಹೇಳಿದ ನ್ಯಾಯಾಲಯವೇ, ಜನನ ಮರಣ ವಿವಾಹಗಳ ನೋಂದಣಿಯಂಥದ್ದನ್ನು ಅಸಿಂಧು ಎನ್ನಬಾರದು, ಅದರಿಂದ ನಷ್ಟವಾಗುವುದು ಅಲ್ಲಿಯ ನಿವಾಸಿಗಳಿಗೆ ಎಂದು ಬಿಡಿಸಿ ಹೇಳಿತು. ಶಾಲಾ ಪ್ರಮಾಣಪತ್ರ ಇದರ ನೆರೆಯದ್ದೇ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕಾಲದಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆಯಾಯಿತು. ನಿಮ್ಮ ತಂದೆಯವರ ಕಾಗದಗಳಲ್ಲಿ ‘ಮೈಸೂರು ರಾಜ್ಯ’ ಎಂದೇ ಇದ್ದೀತು. ಯಾವ ಕಚೇರಿಯೂ ಅವನ್ನು ಹಿಂದಕ್ಕೆ ತಳ್ಳಲಿಲ್ಲ. ಅಲ್ಲಿ ಯಾರೂ ಮೊಹರಿನ ಮೇಲೆ ಹಕ್ಕಿನ ಜಗಳ ತೆಗೆದಿರಲಿಲ್ಲ ಎಂಬ ವ್ಯತ್ಯಾಸವಿದೆ, ಒಪ್ಪುತ್ತೇನೆ.

ಇಸವಿಯ ತೊಡಕಂತೂ ನನಗೆ ನಗು ತರಿಸಿತು, ಏಕೆಂದರೆ ನನ್ನ ಕೌಂಟರಿನಲ್ಲೂ ಇಂಥದ್ದು ಬರುತ್ತಿತ್ತು. 1398 ಎಂಬುದು ಅವರ ಸೌರ ಹಿಜರಿ ವರ್ಷ, ಮಾರ್ಚಿನಲ್ಲಿ ಆರಂಭವಾಗುವಂಥದ್ದು. ನಮ್ಮ ಲೆಕ್ಕದಲ್ಲಿ 2019–20. ತಾಲಿಬಾನ್ ಬಂದ ಮೇಲೆ ಸರ್ಕಾರಿ ಕಾಗದಗಳಲ್ಲಿ ಚಾಂದ್ರಮಾನದ ಹಿಜರಿಗೆ ಬದಲಾಯಿಸಿದರು. 1446 ಎಂದರೆ 2024ರ ಜುಲೈಯಿಂದ 2025ರ ಜೂನ್‌ವರೆಗೆ. ಕಾಗದಗಳ ನಡುವೆ ಗುಮಾಸ್ತರಿಗೆ ಕಂಡದ್ದು 48 ವರ್ಷ, ಇರುವುದು ಐದಾರು ವರ್ಷ. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆಯೂ ಕ್ರಿಸ್ತಶಕವೂ ಅಕ್ಕಪಕ್ಕ ಅಚ್ಚಾಗಿರುವುದನ್ನು ತೋರಿಸಿದರೆ ಅವರಿಗೆ ತಟ್ಟನೆ ಹೊಳೆಯುತ್ತದೆ. ನನ್ನ ಅನುಭವದಲ್ಲಿ ಮೊಹರಿನ ಹೆಸರಿಗಿಂತ ಮುಖ್ಯವಾದದ್ದು ಎರಡು ಪತ್ರಗಳಲ್ಲೂ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಕ್ರಮಸಂಖ್ಯೆ ಒಂದೇ ಆಗಿವೆಯೇ ಎಂಬುದು. ನೀವು ಕಳಿಸಿದ ಫೋಟೊಗಳ ಇಂಗ್ಲಿಷ್ ಅನುವಾದದಲ್ಲಿ ತಂದೆಯ ಹೆಸರಿನ ಕಾಗುಣಿತ ಒಂದೊಂದರಲ್ಲಿ ಒಂದೊಂದು ಬಗೆಯಾಗಿದೆ. ನಿಜವಾಗಿ ತೊಂದರೆ ಕೊಡುವುದು ಅದು. ಇಲ್ಲೇ ನೋಟರಿಯ ಮುಂದೆ, ಎರಡೂ ಒಬ್ಬರದೇ ಹೆಸರು ಎಂಬ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ ಜೊತೆಗಿರಿಸಿ.

ಕಾಲೇಜಿಗೆ ಇನ್ನೂ ಗಟ್ಟಿ ಆಧಾರ ಬೇಕಾದರೆ, ವಿದೇಶಿ ಶಾಲಾ ಪರೀಕ್ಷೆಗಳಿಗೆ ತತ್ಸಮಾನತೆ ಕೊಡುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘಕ್ಕೆ ಅರ್ಜಿ ಹಾಕಬಹುದು. ಇಲ್ಲವೇ ಕಾಬೂಲಿನಲ್ಲಿ ಅವರ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ನಮ್ಮ ರಾಯಭಾರ ಕಚೇರಿಯ ದೃಢೀಕರಣ ಸಿಗುತ್ತದೆಯೇ ಎಂದು ಅವನ ತಂದೆ ವಿಚಾರಿಸಬಹುದು. ಒಂದೇ ದೃಢೀಕರಣವನ್ನು ಸದಸ್ಯ ದೇಶಗಳೆಲ್ಲ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಅಫ್ಘಾನಿಸ್ತಾನ ಇಲ್ಲದ್ದರಿಂದ ಇಂಥ ಸರಪಳಿ ಅನಿವಾರ್ಯ. ಎರಡಕ್ಕೂ ತಿಂಗಳುಗಳು ಹಿಡಿಯಬಹುದು.

ಪಾಸ್‌ಪೋರ್ಟ್ ಏಕೆ ಅವಸರದ್ದು ಎಂದರೆ, ಅನೇಕ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ, ಹಾಗಾಗಿ ಪ್ರಯಾಣದ ದೃಷ್ಟಿಯಿಂದ ಅವನಲ್ಲಿ ಉಳಿದಿರುವುದು ಒಂದು ತಿಂಗಳು. ವೀಸಾ ವಿಸ್ತರಣೆಯನ್ನೂ ಸಾಮಾನ್ಯವಾಗಿ ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ನೇರವಾದ ದಾರಿ ಭಾರತದಲ್ಲಿ ಕೆಲಸ ಮಾಡುತ್ತಿರುವ ಅಫ್ಘಾನ್ ಕಚೇರಿಯಲ್ಲಿ ನವೀಕರಣಕ್ಕೆ ಹೋಗುವುದು. ಅಪಾಯ ಎರಡು ಬಗೆಯದು. ಅವನ ಮನೆಯವರು ಹಿಂದಿನ ಸರ್ಕಾರದಲ್ಲಿ ಕೆಲಸ ಮಾಡಿದ್ದರೆ ತನ್ನ ವಿಳಾಸ, ಫೋಟೊ, ಬೆರಳಚ್ಚು ಇಂದಿನವರ ಕೈಗೆ ಕೊಡಲು ಅವನು ಹೆದರಬಹುದು, ಆ ಹೆದರಿಕೆಯನ್ನು ಹಗುರವಾಗಿ ಕಾಣಬೇಡಿ, ಅವನಿಗೆ ಬಿಡಿ. ಇನ್ನೊಂದು, ಯಾರು ಕೊಟ್ಟ ಕಾಗದ ಎಲ್ಲಿ ನಡೆಯುತ್ತದೆಂಬ ಅನಿಶ್ಚಿತತೆ. 2024ರ ಜುಲೈಯಲ್ಲಿ ತಾಲಿಬಾನ್ ತಾನೇ, ಯುರೋಪ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಹಳೆಯ ಸರ್ಕಾರದವರು ನಡೆಸುತ್ತಿದ್ದ ಹಲವು ಕಚೇರಿಗಳ ಕಾನ್ಸುಲರ್ ಕಾಗದಗಳನ್ನು ಒಪ್ಪುವುದಿಲ್ಲ ಎಂದಿತು. ಮಾನ್ಯತೆ ಇಲ್ಲದವರೂ ಮಾನ್ಯತೆ ನಿರಾಕರಿಸಬಲ್ಲರು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನವೀಕರಣದ ಅರ್ಜಿ ಹಾಕಿದ ರಶೀದಿಯೊಡನೆ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಸೇರಿಸಿ, ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಾಸ್ತವ್ಯ ವಿಸ್ತರಣೆಯ ಅರ್ಜಿ ಹಾಕುವುದನ್ನು ಅವಧಿ ಮುಗಿಯುವ ಮುನ್ನ ಮಾಡಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಸಜೆ, 3 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿಗೆ ಹೋಗು ಎಂದು ಯಾರಾದರೂ ಸಲಹೆ ಕೊಟ್ಟಾರು. ಊರಿಗೆ ಮರಳಿದರೆ ಜೀವಭಯ ನಿಜವಾಗಿ ಇದ್ದರೆ ಅದು ಸರಿಯಾದ ದಾರಿಯೇ. ಆದರೆ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರ ಕಾರ್ಡು ವೀಸಾಕ್ಕೆ ಸಮವಲ್ಲ, ಮತ್ತು ಒಮ್ಮೆ ಆ ಬಾಗಿಲು ತಟ್ಟಿದವನು ತನ್ನ ದೇಶದ ಕಚೇರಿಯ ಬಾಗಿಲಿಗೆ ಮತ್ತೆ ಹೋಗುವುದು ತೊಡಕಾಗುತ್ತದೆ. ಕೇವಲ ಪಾಸ್‌ಪೋರ್ಟಿನ ಅಡಚಣೆಗಾಗಿ ಆ ಹೆಜ್ಜೆ ಇಡುವುದನ್ನು ನಾನು ಹೇಳಲಾರೆ.

ನಿಮ್ಮ ಮಟ್ಟಿಗೆ ಕೆಲಸ ಸುಲಭ. ವಿದೇಶಿಯರನ್ನು ಇರಿಸಿಕೊಂಡವರು ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಕೊಡಬೇಕಾದ, ಹಿಂದೆ ಫಾರಂ ಸಿ ಎನ್ನುತ್ತಿದ್ದ ಮಾಹಿತಿಯನ್ನು ಕೊಟ್ಟಿದ್ದೀರೋ ನೋಡಿಕೊಳ್ಳಿ. ಎರಡು ವರ್ಷದ ಹಿಂದೆ ಕೊಟ್ಟಿಲ್ಲವಾದರೆ ಮುಚ್ಚಿಡಬೇಡಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ವಿದೇಶಿಯರ ವಿಭಾಗಕ್ಕೆ ಬಾಡಿಗೆ ಕರಾರು, ಅವನ ಪಾಸ್‌ಪೋರ್ಟು ಮತ್ತು ವೀಸಾದ ಪ್ರತಿಗಳೊಡನೆ ಹುಡುಗನನ್ನೂ ಕರೆದುಕೊಂಡು ನೀವೇ ಹೋಗಿ. ಅಲ್ಲಿ ಕೇಳುವುದು ಅವನ ವೀಸಾದ ದಿನಾಂಕವನ್ನು, ಅವನ ಸರ್ಕಾರದ ಯೋಗ್ಯತೆಯನ್ನಲ್ಲ.

ಕೊನೆಯದಾಗಿ ಒಂದು ಸಣ್ಣ ವಿಷಯ, ಕೌಂಟರಿನವನ ಕಣ್ಣಿಗೆ ಮೊದಲು ಬಿದ್ದದ್ದು. ಕಾಬೂಲಿನಿಂದ ಬಂದ ಹೊಸ ಪತ್ರ ಮಡಿಕೆಯಲ್ಲಿ ಹರಿಯುವಂತಿದೆ, ಲ್ಯಾಮಿನೇಷನ್ ಮಾಡಿಸಲೇ ಎಂದು ನಿಮ್ಮ ಮನೆಯವರು ಕೇಳಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಯಾವ ಕಚೇರಿಯವರೂ ಮೊಹರು ಹಾಕಲಾರರು, ಹಿಂಬದಿಯ ಮೊಹರನ್ನು ಒರೆಸಿ ನೋಡಲೂ ಆಗದು. ದಪ್ಪ ಕಾಗದದ ಫೈಲಿನಲ್ಲಿ ಬಿಚ್ಚಿಟ್ಟು, ಹಳೆಯ ಪತ್ರವನ್ನು ಅದರ ಪಕ್ಕದಲ್ಲೇ ಇಡಿ.